ಚಳಿಗೆ ಹಠ ಹಿಡಿದ ಎಂಜಿನ್

"ಬೇಕಂತಲೇ ಹಾಳು ಮಾಡಿ ಇಟ್ಟಿದ್ದೀರಿ, ಅಲ್ವಾ?"

ಮುಬೀನ ಹಾಗೆ ಕೇಳಿದ್ದೇ ತಡ, ನಿಯಾಝ್‌ನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಹಿಮದಲ್ಲಿ ಹೂತುಹೋಯಿತು. ದುಬೈಯ ಆ ಸ್ನೋ ಪಾರ್ಕಿನೊಳಗೆ ಮೈ ಮರಗಟ್ಟುವ ಚಳಿ. ಗೋಡೆಯಾಚೆ ಜೂನ್ ತಿಂಗಳ ಬಿಸಿಲು ಡಾಂಬರನ್ನೇ ಹುರಿಯುತ್ತಿತ್ತು. ಅವನ ಕಿವಿಗಳು ಮಾತ್ರ ಇನ್ನೂ ಹೊರಗೇ ಉಳಿದಂತೆ ಕೆಂಪಾದವು.

ಅವರಿಬ್ಬರ ನಡುವೆ ನಿಂತಿದ್ದದ್ದು ಹಿಮದ ಮೇಲೆ ಓಡುವ ಹಳೆಯ ಗಾಡಿ, ಸ್ನೋಮೊಬೈಲ್. ಅದರ ಟೂ-ಸ್ಟ್ರೋಕ್ ಎಂಜಿನನ್ನು ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್, ಹೊಸ ಸೀಲು ಹಾಕಿ ಮತ್ತೆ ಕಟ್ಟಿದವನು ನಿಯಾಝ್. ಅಬುಧಾಬಿಯ ಮುಸಫ್ಫಾದಲ್ಲಿರುವ ಅವನ ವರ್ಕ್‌ಶಾಪಿನಲ್ಲಿ ಅದು ಹೊಲಿಗೆ ಮೆಷಿನ್ನಿನ ಹಾಗೆ ಒಂದೇ ತಾಳದಲ್ಲಿ ಓಡುತ್ತಿತ್ತು. ಇಲ್ಲಿಗೆ ಬಂದರೆ ಬೇರೆಯದೇ ಅವತಾರ. ಯಾರೂ ಮುಟ್ಟದೆಯೇ ಎಂಜಿನ್ ಏರುತ್ತದೆ, ಇಳಿಯುತ್ತದೆ, ಕೆಮ್ಮುತ್ತದೆ, ನಿಂತೇಬಿಡುತ್ತದೆ.

ಮುಬೀನ ಪಾರ್ಕಿನ ಎಂಜಿನಿಯರ್; ಯಂತ್ರಗಳೆಲ್ಲ ಅವಳ ಉಸ್ತುವಾರಿ. ಶನಿವಾರದ ಶೋಗೆ ಈ ಗಾಡಿ ಓಡದಿದ್ದರೆ ಗುಜರಿಗೆ ಕೊಟ್ಟು ಬ್ಯಾಟರಿಯದ್ದು ತರುತ್ತೇನೆಂದು ಮ್ಯಾನೇಜರ್ ಹೇಳಿಬಿಟ್ಟಿದ್ದ. ಗುಜರಿಗೆ ಹೋದರೆ ನಿಯಾಝ್ ಮತ್ತೆ ಬರುವುದಿಲ್ಲ. ಸರಿಯಾದರೂ ಬರುವುದಿಲ್ಲ. ಈ ಲೆಕ್ಕ ಅವನ ನಿದ್ದೆ ಕೆಡಿಸಿತ್ತು.

"ಬೇಕಂತ ಹಾಳು ಮಾಡಿದ್ದು ಅಂತ ಯಾರು ಹೇಳಿದ್ದು?" ಎಂದ ನಿಯಾಝ್.

"ಟಿಕೆಟ್ ಕೌಂಟರಿನ ರೆಜಿನಾ. 'ಆ ಮೆಕ್ಯಾನಿಕ್ ಎಂಜಿನ್ ನೋಡ್ಲಿಕ್ಕೆ ಬರುದಾ, ಎಂಜಿನಿಯರನ್ನು ನೋಡ್ಲಿಕ್ಕೆ ಬರುದಾ?' ಅಂತ ಇಡೀ ಕ್ಯಾಂಟೀನಿಗೆ ಕೇಳುವ ಹಾಗೆ ಹೇಳಿದ್ಳು."

"ನೀವೆಂತ ಹೇಳಿದ್ರಿ?"

"ಎಂತ ಹೇಳುದು? ಸಮೋಸ ಗಂಟಲಲ್ಲಿ ಸಿಕ್ಕಿತು."

ಇಬ್ಬರದೂ ಮನೆಮಾತು ಬ್ಯಾರಿ. ಆದರೆ ಸಿಟ್ಟು ಬಂದರೆ ಮುಬೀನ ಕನ್ನಡಕ್ಕೆ ಹೊರಳುತ್ತಾಳೆ. ಪುತ್ತೂರಿನ ಶಾಲೆಯ ಜಗಳಗಳೆಲ್ಲ ಅದರಲ್ಲೇ ನಡೆದದ್ದು. ಈಗ ಆಡುತ್ತಿದ್ದದ್ದೂ ಕನ್ನಡವೇ. ಕಣ್ಣಿನಲ್ಲಿ ಮಾತ್ರ ಸಿಟ್ಟಿರಲಿಲ್ಲ. ಸ್ಕಾರ್ಫಿನ ಅಂಚಿನಲ್ಲಿ ಹಿಮದ ಪುಡಿ, ರೆಪ್ಪೆಯ ಮೇಲೊಂದು ಹನಿ. ನಿಯಾಝ್ ಆ ಹನಿಯನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

"ನೋಡಿ ಮಾರಾಯ್ರೆ," ಅವನ ದನಿ ಗಡುಸಾಯಿತು, "ನನಗೆ ಎಂತ ಬೇಕಾದ್ರೂ ಹೇಳಿ. ಕೈಯಾರೆ ಕಟ್ಟಿದ ಎಂಜಿನನ್ನು ನಾನೇ ಕೆಡಿಸುವ ಜನ ಅಲ್ಲ. ಎಂಜಿನ್ ನೋಡ್ಲಿಕ್ಕೇ ಬಂದದ್ದು."

"ಹಾಗಾದ್ರೆ ಎಂಜಿನಿಯರನ್ನು ನೋಡ್ಲಿಕ್ಕೆ ಅಲ್ಲ?"

ನಿಯಾಝ್ ಹಿಮ ಕೆದಕಿ ಸ್ಪ್ಯಾನರ್ ಹುಡುಕಿದ. "ಪ್ಲಗ್ ಒಮ್ಮೆ ತೆಗೆದು ನೋಡ್ತೇನೆ," ಎಂದ.

ಮುಬೀನ ಕೆಳತುಟಿ ಕಚ್ಚಿ ನಗು ನುಂಗಿದಳು.

ಕಾಫಿಯ ಬಣ್ಣಕ್ಕಿರಬೇಕಾದ ಪ್ಲಗ್ಗಿನ ತುದಿ ಬೆಳ್ಳಗೆ ಬಿಳಿಚಿಕೊಂಡಿತ್ತು. ಪೆಟ್ರೋಲು ಕಮ್ಮಿ, ಗಾಳಿ ಜಾಸ್ತಿ.

"ಚಳಿಗೆ ಬೇಕಾದ ಹಾಗೆ ಕಾರ್ಬ್ಯುರೇಟರ್ ಸೆಟ್ ಮಾಡಿದ್ದೇನೆ. ಮತ್ತೆ ಈ ಗಾಳಿ ಎಲ್ಲಿಂದ ನುಗ್ತದೆ?"

"ಒಂದು ಗೊತ್ತುಂಟಾ?" ಮುಬೀನ ಅವನ ಪಕ್ಕದಲ್ಲೇ ಮಂಡಿಯೂರಿದಳು. "ಹೊರಗಿಂದ ತಂದ ಕೂಡಲೇ ಇದು ಒಳ್ಳೆ ಮಗು. ಮೈಗೆ ಚಳಿ ಹಿಡಿದ ಮೇಲೇ ಹಠ. ನಾನು ದಿನಾ ನೋಡ್ತೇನಲ್ಲ."

ನಿಯಾಝ್‌ನ ಕೈ ನಿಂತಿತು. ಚಳಿಯಲ್ಲಿ ಕಬ್ಬಿಣ ಅಷ್ಟೇನೂ ಬದಲಾಗುವುದಿಲ್ಲ. ಬದಲಾಗುವುದು ರಬ್ಬರು! ಕಾರ್ಬ್ಯುರೇಟರನ್ನೂ ಎಂಜಿನನ್ನೂ ಜೋಡಿಸುವ ಬೆರಳುದ್ದದ ರಬ್ಬರ್ ಕೊಳವೆಯೊಂದನ್ನು ಮಾತ್ರ, ನೋಡಲು ಚೆನ್ನಾಗಿದೆ ಎಂದು ಅವನು ಹಳೆಯದನ್ನೇ ಉಳಿಸಿದ್ದ. ಮುಸಫ್ಫಾದ ಸೆಕೆಯಲ್ಲಿ ಅದು ಮೆತ್ತಗೆ ಕೂತಿರುತ್ತದೆ. ಇಲ್ಲಿ ಸೆಟೆದುಕೊಂಡರೆ ಬಿರುಕು ಬಾಯಿ ತೆರೆಯುತ್ತದೆ.

"ನಾನು ಸ್ಟಾರ್ಟ್ ಮಾಡ್ತೇನೆ. ಆ ರಬ್ಬರನ್ನು ಸುತ್ತ ಗಟ್ಟಿ ಹಿಡೀರಿ. ಗ್ಲೌಸ್ ತೆಗೀರಿ."

"ಯಲ್ಲಾ, ಶುರು ಮಾಡಿ!"

ಎಂಜಿನ್ ಏರಿತು, ಇಳಿಯಿತು, ಕೆಮ್ಮಿತು. ಮುಬೀನ ಬರಿಯ ಅಂಗೈಯನ್ನು ಕೊಳವೆಗೆ ಸುತ್ತಿ ಒತ್ತಿದಳು. ಅಷ್ಟೇ. ರಚ್ಚೆ ಹಿಡಿದ ಕೂಸು ತೊಡೆಯೇರಿದ ಹಾಗೆ ಎಂಜಿನ್ ಒಂದೇ ತಾಳಕ್ಕೆ ಬಂತು.

"ಬಿಡಿ!" ಮತ್ತೆ ಕೆಮ್ಮು.

"ಹಿಡೀರಿ!" ಮತ್ತೆ ತಾಳ.

"ಅಯ್ಯೋ, ನನ್ನ ಕೈ ಬಿಟ್ರೆ ಇದು ಬದುಕುದೇ ಇಲ್ಲ ಅಂತ ಹೇಳ್ತದಲ್ಲ!" ಮುಬೀನ ಜೋರಾಗಿ ನಕ್ಕಳು.

ಅದೊಂದೇ ಅಲ್ಲ, ನಾನೂ ಎಂಬ ಮಾತು ನಿಯಾಝ್‌ನ ನಾಲಗೆಯ ತುದಿಗೆ ಬಂತು. ಅಲ್ಲೇ ಹೆಪ್ಪುಗಟ್ಟಿತು.

ಮರುದಿನ ಸಂಜೆ ಅವನು ಹೊಸ ಕೊಳವೆ ತಂದು ಹಾಕಿದ. ಗಾಡಿಯನ್ನು ಹಿಮದಲ್ಲಿ ಚೆನ್ನಾಗಿ ತಣಿಯಲು ಬಿಟ್ಟು ಸ್ಟಾರ್ಟ್ ಮಾಡಿದರು. ಒಂದೇ ತಾಳ. ಮ್ಯಾನೇಜರ್ ಬಂದು ಕೇಳಿಸಿಕೊಂಡು, "ಖಲಾಸ್, ಗುಡ್" ಎಂದು ಹೋದ.

ನಿಯಾಝ್ ಒಂದೇ ಸ್ಪ್ಯಾನರನ್ನು ಒರೆಸುತ್ತಲೇ ಇದ್ದ.

"ಸವೆದು ಹೋದೀತು ಅದು," ಎಂದಳು ಮುಬೀನ.

"ನಿನ್ನೆ ನೀವು ಕೇಳಿದ್ರಲ್ಲ, ಬೇಕಂತ ಹಾಳು ಮಾಡಿದ್ದಾ ಅಂತ." ಅವನು ತಲೆ ಎತ್ತಲಿಲ್ಲ. "ಅಲ್ಲಾಹನಾಣೆ ಮಾಡಿಲ್ಲ. ಆದ್ರೆ ಇವತ್ತು ದಾರಿಯಲ್ಲಿ ಬರುವಾಗ, ಈ ಹೊಸ ರಬ್ಬರ್ ಹೊಂದದೇ ಇರ್ಲಿ ಅಂತ ಒಮ್ಮೆ ಆಸೆ ಆಯ್ತು. ಮೆಕ್ಯಾನಿಕ್ ಆದವನು ಹಾಗೆ ಆಸೆಪಡಬಾರದು. ನಾಚಿಕೆಯೂ ಆಯ್ತು."

"ಹೊಂದದಿದ್ರೆ ನಿಮಗೆಂತ ಲಾಭ?"

"ನಾಳೆ ಪುನಃ ಬರಬಹುದಿತ್ತು."

ಮುಬೀನ ಅವನನ್ನೇ ನೋಡಿದಳು. ಕೆನ್ನೆ ಕೆಂಪೇರಿದ್ದು ಚಳಿಗಂತೂ ಅಲ್ಲ.

"ಎಂತ ಜನ ಮಾರಾಯ್ರೆ ನೀವು! ಒಬ್ಬಳನ್ನು ನೋಡ್ಲಿಕ್ಕೆ ಒಂದು ಎಂಜಿನ್ ಹಾಳಾಗ್ಬೇಕಾ? ನನ್ನ ಉಪ್ಪ, ಉಮ್ಮ ಇಬ್ಬರೂ ಅಲ್ ಐನ್‌ನಲ್ಲಿದ್ದಾರೆ. ಅಬುಧಾಬಿಯ ಖಾಲಿದಿಯಾದಲ್ಲಿ ನಿಮ್ಮ ಅಕ್ಕ ಇದ್ದಾರೆ. ಅಕ್ಕನನ್ನು ಕರ್ಕೊಂಡು ಭಾನುವಾರ ನಮ್ಮ ಮನೆಗೆ ಹೋಗಿ."

ನಿಯಾಝ್ ಹಿಮದ ಮೇಲೆ ಹಾಗೇ ಕೂತುಬಿಟ್ಟ. "ಅಲ್ಲಿ... ಎಂತ ಕೇಳುದು?"

"ಹುಡುಗಿಯನ್ನು ಕೇಳುದು. ಉಪ್ಪ ಮಹ್ರ್ ಎಷ್ಟು ಅಂತ ಕೇಳಿದ್ರೆ, ಹುಡುಗಿಯೇ ಹೇಳ್ತಾಳೆ ಅನ್ನಿ. ಮದುವೆಗೆ ಗಂಡಿನಿಂದ ಕೇಳಿ ತಕ್ಕೊಳ್ಳುವ ಹಕ್ಕು ನನ್ನದಲ್ವಾ?"

"ಎಂತ ಕೇಳ್ತೀರಿ?"

"ದೊಡ್ಡದೇ ಕೇಳ್ತೇನೆ."

"ಚಿನ್ನವಾ?"

"ಚಿನ್ನ ಯಾರಿಗೆ ಬೇಕು? ಮುಸಫ್ಫಾದ ವರ್ಕ್‌ಶಾಪಲ್ಲಿ ಅರ್ಧ ಪಾಲು. ಬೋರ್ಡಿನಲ್ಲಿ ನನ್ನ ಹೆಸರು ಮೊದಲು, ನಿಮ್ಮದು ಆಮೇಲೆ."

ನಿಯಾಝ್ ಎದ್ದ, ಜಾರಿದ, ಗಾಡಿಯ ಹ್ಯಾಂಡಲ್ ಹಿಡಿದು ಮತ್ತೆ ಎದ್ದ. ಗ್ರೀಸಿನ ಕೈಯಲ್ಲೇ ಜೇಬಿನ ಫೋನ್ ತಡಕಾಡಿದ.

"ಬೋರ್ಡ್ ಬರೆಯುವವನಿಗೆ ಈಗಲೇ ಹೇಳ್ಲಾ?"

"ಮೊದಲು ಅಕ್ಕನಿಗೆ ಹೇಳಿ ಮಾರಾಯ್ರೆ!"