ಯಾರ ಕೈಯ ಅಳತೆ

"ಇನ್ನೂ ಆರಿಸ್ಲಿಲ್ವೇನೇ ಪುಟ್ಟಿ?" ಎಂದು ದೊಡ್ಡಮ್ಮ ಆಕಳಿಸಿದರು.

ನನ್ನ ಮುಂದೆ ಮಖಮಲ್ಲು ಹಾಸಿದ ಟ್ರೇ, ಅದರಲ್ಲಿ ಎರಡು ವಾಚು. ಒಂದು ಚಿನ್ನದ್ದು, ತೆಳ್ಳಗೆ, ಕಂದು ಚರ್ಮದ ಪಟ್ಟಿ. ಇನ್ನೊಂದು ಸ್ಟೀಲಿನದು, ನೀಲಿ ಡಯಲ್, ಭಾರದ ಚೈನು. ಎರಡೂ ಕಣ್ಣು ಕುಕ್ಕುವಷ್ಟು ಚೆಂದ. ನನಗೋ ಅವನ್ನು ನೋಡಿದರೆ ಉಸಿರು ಕಟ್ಟುತ್ತಿತ್ತು. ಆರಿಸಿದ್ದನ್ನು ಭಾನುವಾರ ಹಲ್ಲಿನ ಡಾಕ್ಟರ ಕೈಗೆ ತೊಡಿಸಬೇಕು. ತೊಡಿಸಿದರೆ ನಿಶ್ಚಿತಾರ್ಥ ಮುಗಿಯಿತು, ನನ್ನ ಕಥೆಯೂ ಮುಗಿಯಿತು.

ಟ್ರೇಯಲ್ಲಿ ವಾಚಿರುವಷ್ಟು ಹೊತ್ತು ಆ ಪುಟ್ಟ ಕೋಣೆಯ ಬಾಗಿಲು ತೆರೆಯುವುದಿಲ್ಲ. ಅದು ಶೋರೂಮಿನ ನಿಯಮ. ಕಿಟಕಿಯಂತೂ ಇರಲೇ ಇಲ್ಲ.

ಹಾಗಂತ ಯಾರನ್ನು ಬೈಯಲಿ? ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವರು ದೊಡ್ಡಮ್ಮ. ಎಲ್ಲದಕ್ಕೂ "ನಿನ್ನಿಷ್ಟ ಕಣೇ" ಎನ್ನುತ್ತಾರೆ, ಆದರೆ ಎದುರಿಗೆ ಎರಡನ್ನೇ ಇಟ್ಟಿರುತ್ತಾರೆ. ಮೊದಲು ಎರಡು ಕಾಲೇಜು, ಆಮೇಲೆ ಎರಡು ಗಂಡಿನ ಫೋಟೋ. ಬಿಲ್ಡರ್ ಬೇಡವೆಂದೆ, ಡಾಕ್ಟರು ಉಳಿದರು. ಅವರೂ ಒಳ್ಳೆಯವರೇ. ಮಾತಾಡುವಾಗ ನನ್ನ ಕಣ್ಣು ಬಿಟ್ಟು ಹಲ್ಲು ನೋಡುತ್ತಾರೆ, ಅಷ್ಟೇ. ಥೂ, ಇವರಲ್ಲಿ ಒಬ್ಬರಾದರೂ ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದು ಹೋಗಬಹುದಿತ್ತು!

ಈ ಅಂಗಡಿಗೆ ಮತ್ತೆ ಮತ್ತೆ ಬರಲು ಇನ್ನೊಂದು ಕಾರಣವೂ ಇತ್ತು. ಅದು ಮೇಜಿನಾಚೆ ಬಿಳಿ ಗ್ಲೌಸ್ ಹಾಕಿಕೊಂಡು ಕೂತಿತ್ತು. ನಮ್ಮ ದೊಡ್ಡಮ್ಮ ಆ ಸೇಲ್ಸ್‌ಮನ್ನನ್ನು "ಗ್ಲೌಸಪ್ಪ" ಎಂದೇ ಕರೆಯುತ್ತಿದ್ದರು.

"ಮೊನ್ನೆ ಚಿನ್ನದ್ದು ತೀರಾ ತೆಳು ಅಂದ್ರಿ, ಸ್ಟೀಲಿಂದು ತೀರಾ ದಪ್ಪ ಅಂದ್ರಿ. ಇವತ್ತೇನು ತಕರಾರು ಮೇಡಂ?"

"ಸೆಕೆಂಡ್ ಮುಳ್ಳು ತುಂಬಾ ಜೋರಾಗಿ ಓಡ್ತಿದೆ."

"ಎಲ್ಲಾ ವಾಚಲ್ಲೂ ಅಷ್ಟೇ ಓಡೋದು."

"ನಿಧಾನಕ್ಕೆ ಓಡೋದು ಇಲ್ವಾ?"

"ಇದ್ದಿದ್ರೆ ನಾನೇ ತಗೋತಿದ್ದೆ," ಎಂದರು ಮೆಲ್ಲಗೆ. ನಗುತ್ತಿದ್ದವರು ಯಾಕೋ ತಲೆ ತಗ್ಗಿಸಿದರು.

ನನಗೆ ಕೆನ್ನೆ ಬಿಸಿಯಾಯಿತು. ದೊಡ್ಡಮ್ಮನ ಕಡೆ ನೋಡಿದೆ. ಅವರು ಫೋನಿನಲ್ಲಿ ಹಾಲ್ ಅಲಂಕಾರದವನ ಜೊತೆ ಚೌಕಾಸಿಗೆ ಇಳಿದಿದ್ದರು.

"ಗಂಡಸಿನ ಕೈ ಮೇಲೆ ನೋಡ್ದೆ ಹೇಗೆ ಹೇಳ್ಲಿ? ನೀವೇ ಹಾಕ್ಕೊಂಡು ತೋರಿಸಿ," ಎಂದೆ.

ಅವರು ಗ್ಲೌಸ್ ಬಿಚ್ಚಿದರು. ಬಲಗೈಗೆ ಚಿನ್ನದ್ದು, ಎಡಗೈಗೆ ಸ್ಟೀಲಿನದು. ಎರಡೂ ಕೈಗಳನ್ನು ಮೇಜಿನ ಮೇಲೆ ನನ್ನತ್ತ ಚಾಚಿದರು. ಸಣ್ಣ ಮಣಿಕಟ್ಟು, ನೀಳ ಬೆರಳು, ಹೆಬ್ಬೆರಳ ಬುಡದಲ್ಲಿ ಒಂದು ಮಚ್ಚೆ. ನಾನು ಸೂಟು ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ದಿನಾ ಎಷ್ಟೋ ಗಂಡಸರ ಕೈಗೆ ಟೇಪು ಸುತ್ತುತ್ತೇನೆ, ಯಾವ ಕೈಯೂ ನನ್ನ ಎದೆ ಬಡಿತ ಹೆಚ್ಚಿಸಿದ್ದಿಲ್ಲ.

"ಇವತ್ತು ಇತ್ಯರ್ಥ ಆಗ್ಲೇಬೇಕು!" ದೊಡ್ಡಮ್ಮ ಫೋನಿಟ್ಟರು.

ನಾನು ಕಣ್ಣು ಮುಚ್ಚಿ ಸ್ಟೀಲಿನದರತ್ತ ಬೆರಳು ತೋರಿಸಿದೆ.

"ಚೈನಿನ ಲಿಂಕ್ ತೆಗೀಬೇಕು. ಹಾಕ್ಕೊಳ್ಳೋರ ಕೈ ಅಳತೆ?" ಎಂದು ಗ್ಲೌಸಪ್ಪ ಕೇಳಿದರು. ದನಿ ಒಣಗಿತ್ತು.

ನಾನು ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆಯಂತೆ ಮಾಡಿ ಹಿಡಿದೆ. "ಇಷ್ಟು."

ಅವರು ಆ ಬಳೆಯನ್ನೇ ನೋಡಿದರು. "ಖಂಡಿತಾನಾ?"

"ಇವಳ ಅಳತೆ ಇವತ್ತಿನವರೆಗೆ ತಪ್ಪಿಲ್ಲಪ್ಪಾ," ಎಂದರು ದೊಡ್ಡಮ್ಮ ಹೆಮ್ಮೆಯಿಂದ.

ಶನಿವಾರ ವಾಚು ಒಯ್ಯಲು ಡಾಕ್ಟರೂ ಬಂದರು. ಅದೇ ಕೋಣೆ, ಅದೇ ಮುಚ್ಚಿದ ಬಾಗಿಲು. ಡಾಕ್ಟರು ಖುಷಿಯಿಂದ ಅಂಗಿಯ ತೋಳು ಮಡಿಸಿದರು. ಚೈನು ಅವರ ದಪ್ಪ ಮಣಿಕಟ್ಟಿನ ಅರ್ಧಕ್ಕೇ ನಿಂತುಬಿಟ್ಟಿತು. ಎಳೆದರು, ಒತ್ತಿದರು, ಊಹೂಂ, ಲಾಕ್ ಕೂರಲಿಲ್ಲ.

"ಏನೇ ಇದು? ಇವರ ಕೋಟಿಗೆ ಅಳತೆ ತಗೊಂಡೋಳು ನೀನೇ ಅಲ್ವಾ? ಕೋಟು ಕೈಗೆ ಹೇಳಿ ಮಾಡಿಸಿದ ಹಾಗಿದೆ!" ದೊಡ್ಡಮ್ಮ ಕಣ್ಣು ಕಿರಿದು ಮಾಡಿದರು.

ನಾನು ಕಕ್ಕಾಬಿಕ್ಕಿಯಾದೆ. ಆ ಬಳೆಯನ್ನು ನನ್ನ ಬೆರಳು ಯಾರ ಕೈ ನೋಡಿ ಮಾಡಿತ್ತೆಂದು ಆಗ ಹೊಳೆಯಿತು.

"ಅವರ ತಪ್ಪಲ್ಲಮ್ಮ," ಎಂದು ಗ್ಲೌಸಪ್ಪ ಥಟ್ಟನೆ ಹೇಳಿದರು. "ನಾನೇ ಲಿಂಕ್ ಜಾಸ್ತಿ ತೆಗೆದ್ಬಿಟ್ಟೆ. ಕ್ಷಮಿಸಿ. ಈಗ್ಲೇ ಸೇರಿಸ್ಕೊಡ್ತೀನಿ."

ಅವರು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ನನ್ನ ಮಾನ ಉಳಿಸಿದ ಆ ಸುಳ್ಳಿನಿಂದ ನನಗೆ ಅಳು ಬಂತು. ನಾನು ತುಟಿ ಪಿಟಕ್ಕೆನ್ನದೆ ಕೂತರೆ ವಾಚು ಡಾಕ್ಟರ ಕೈಗೆ ಸರಿಹೋಗುತ್ತದೆ, ನಾನು ಜೀವನಪೂರ್ತಿ ಹಲ್ಲು ತೋರಿಸಿಕೊಂಡು ಇರುತ್ತೇನೆ. ಎಲ್ಲರಿಗೂ ಸುಖ.

"ಸೇರಿಸ್ಬೇಡಿ," ಎಂದೆ. "ನೀವು ಹಾಕ್ಕೊಳ್ಳಿ."

"ಮೇಡಂ..."

"ಹಾಕ್ಕೊಳ್ಳಿ ಅಂದ್ನಲ್ಲ!"

ಅವರು ಗ್ಲೌಸ್ ಬಿಚ್ಚಿ ಹಾಕಿಕೊಂಡರು. ಲಾಕ್ ಟಕ್ಕೆಂದು ಕೂತಿತು. ಅವರ ಮುಖದಲ್ಲಿ ಒಂದಿಷ್ಟೂ ಆಶ್ಚರ್ಯ ಕಾಣಲಿಲ್ಲ.

"ನಿಮಗೆ ಮೊದ್ಲೇ ಗೊತ್ತಿತ್ತಾ?"

"ಲಿಂಕ್ ತೆಗೆದ್ಮೇಲೆ ನನ್ನ ಕೈಗೇ ಹಾಕಿ ನೋಡ್ದೆ," ಎಂದರು ನೆಲ ನೋಡುತ್ತ. "ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ."

ವಾಚು ಪೆಟ್ಟಿಗೆಯಿಂದ ಹೊರಗಿದ್ದುದರಿಂದ ಬಾಗಿಲು ತೆರೆಯುವಂತಿರಲಿಲ್ಲ, ಎದ್ದು ಹೋಗಲು ಯಾರಿಗೂ ದಾರಿಯಿರಲಿಲ್ಲ. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಕೊನೆಗೆ ಡಾಕ್ಟರು ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಆವತ್ತು ಮೊದಲ ಬಾರಿಗೆ ನನ್ನ ಕಣ್ಣು ನೋಡಿದರು.

"ಕೋಟಾದ್ರೂ ನನ್ನ ಅಳತೇದೇ ಅಲ್ವಾ?"

"ಹೂಂ, ನಿಮ್ದೇ," ಎಂದೆ. "ತಪ್ಪಾಯ್ತು, ಕ್ಷಮಿಸಿ."

"ಹಾಗಾದ್ರೆ ಅದನ್ನ ಕಳಿಸ್ಕೊಡಿ. ಮುಂದೆ ಬೇಕಾಗುತ್ತೆ." ನಗಲು ನೋಡಿದರು, ಆಗಲಿಲ್ಲ. ಗ್ಲೌಸಪ್ಪ ವಾಚನ್ನು ಪೆಟ್ಟಿಗೆಗೆ ಹಾಕಿ ಬಾಗಿಲು ತೆರೆದ ತಕ್ಷಣ ಡಾಕ್ಟರು ಹೊರಟುಹೋದರು. ಆ ಬೆನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ದೊಡ್ಡಮ್ಮ ರಸ್ತೆಗಿಳಿದು ಟ್ಯಾಕ್ಸಿ ಹತ್ತಿದರು. ನಾನು ಫುಟ್‌ಪಾತಿನಲ್ಲೇ ನಿಂತೆ. ಹಿಂದೆ ಹೆಜ್ಜೆ ಸದ್ದಾಯಿತು. ಗ್ಲೌಸಪ್ಪ ಗ್ಲೌಸಿಲ್ಲದ ಬರಿಗೈಯಲ್ಲಿ ಓಡಿ ಬಂದಿದ್ದರು.

"ನಂಗೆ ಭಯ ಆಗ್ತಿದೆ," ಎಂದೆ.

"ನಂಗೂ."

"ಆದ್ರೂ ಹೇಳ್ಬಿಡ್ತೀನಿ. ನೀವಂದ್ರೆ ನಂಗೆ ತುಂಬಾ ಇಷ್ಟ."

ಅವರು ನನ್ನ ಕೈ ಹಿಡಿದುಕೊಂಡರು. "ನಂಗೆ ಮೊದಲ್ನೇ ದಿನದಿಂದ," ಎಂದರು.

ಟ್ಯಾಕ್ಸಿಯ ಹಾರ್ನ್ ಕೇಳಿತು. ದೊಡ್ಡಮ್ಮ ಕಿಟಕಿಯಿಂದ ತಲೆ ಹೊರಹಾಕಿದ್ದರು, ಕಣ್ಣು ಕೆಂಪಗೆ. ಈಗ ದೊಡ್ಡಮ್ಮನೋ ಇವರೋ ಎಂದು ಆರಿಸಬೇಕಲ್ಲ ಎಂದು ಜೀವ ಬಾಯಿಗೆ ಬಂತು.

"ರಸ್ತೇಲಿ ನಿಂತು ಮಾನ ಕಳೀಬೇಡ್ವೇ," ಎಂದು ಗದರಿದರು. ಮೂಗು ಒರೆಸಿಕೊಂಡು ಪಕ್ಕಕ್ಕೆ ಸರಿದರು. "ಹತ್ತಿ, ಇಬ್ರೂ. ಬೈಯೋದನ್ನ ಮನೇಲಿ ಬೈತೀನಿ."