ಸಂಗೀತ ವಿಭಾಗದ ಬ್ಯಾಂಡ್ ಮಾಸ್ತರ

"ದಾರಿ ಬಿಡ್ರಿ! ಅರ್ಧ ತಾಸು ಆತು ಬಸ್ ನಿಂತು!"

ಖುಶನುಮಾಳ ಕೂಗು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಹುನಗುಂದದ ರಸ್ತೆ ತುಂಬ ಮದುವೆ ಮೆರವಣಿಗೆ. ಅವಳು ಇಳಕಲ್ಲಿನಿಂದ ಬೆಳಿಗ್ಗೆಯೇ ಹೊರಟಿದ್ದಳು. ಹನ್ನೊಂದಕ್ಕೆ ಬಾಗಲಕೋಟೆಯಲ್ಲಿ ಕುಲಪತಿಗಳ ಮುಂದೆ ಇರಬೇಕು. ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥೆಯಾಗಿ ಇವತ್ತೇ ಮೊದಲ ದಿನ. ಮೊದಲ ದಿನವೇ ತಡ!

ಬಸ್ಸಿನಿಂದ ಇಳಿದವಳೇ ಜನರನ್ನು ಸರಿಸಿಕೊಂಡು ಬ್ಯಾಂಡಿನವರ ಎದುರು ನಿಂತಳು. ನಡುವೆ ಕೆಂಪು ಕೋಟು, ಹಿತ್ತಾಳೆ ಗುಂಡಿಯ ಎತ್ತರದ ಮನುಷ್ಯ. ತುಟಿಗೆ ಕ್ಲಾರಿನೆಟ್. ಕಣ್ಣು ಮುಚ್ಚಿಕೊಂಡು ಯಾವುದೋ ಸಿನಿಮಾ ಹಾಡು ಊದುತ್ತಿದ್ದ.

"ಏನ್ರಿ, ನಿಮಗ ಹೇಳಾಕತ್ತೀನಿ..."

ಮಾತು ಅಲ್ಲಿಗೇ ನಿಂತಿತು. ಹಾಡು ಮುಗಿಯುವ ಹೊತ್ತಿಗೆ ಅವನು ಮೆಲ್ಲಗೆ ಜಾರಿ ತೋಡಿ ರಾಗಕ್ಕೆ ಇಳಿದಿದ್ದ. ಆ ಗಾಂಧಾರ ಸ್ವರ!

'ಇಷ್ಟು ಕೆಳಗಿಳಿಸಿ ಹಾಡೋಕೆ ನನಗೆ ಎರಡು ವರ್ಷ ಬೇಕಾಯಿತು... ಇವನು ಬೀದಿಯಲ್ಲಿ, ಇಷ್ಟು ಸದ್ದಿನ ನಡುವೆ, ನಡೆಯುತ್ತಾ ನುಡಿಸುತ್ತಿದ್ದಾನಲ್ಲ!'

ಅವನು ಕಣ್ಣು ಬಿಟ್ಟ. ಎದುರಿಗೆ ಸಿಟ್ಟಿನಲ್ಲಿ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಹೆಂಗಸು.

"ಬೈಯೂದಿದ್ರ ಬೈರಿ ಮೇಡಂ," ಅಂದ. "ಹಾರ್ಮೋನಿಯಂದ ಕರಿ ನಾಕರ ಪಟ್ಟಿಯಾಗ ಬೈಯಾಕತ್ತೀರಿ. ಭಾಳ ಸುರದಾಗ ಐತಿ."

ಸುತ್ತಲಿದ್ದವರೆಲ್ಲ ನಕ್ಕರು. ಅವನು ಕೈ ಎತ್ತಿದ್ದೇ ತಡ, ಇಡೀ ಬ್ಯಾಂಡು ರಸ್ತೆಯ ಪಕ್ಕಕ್ಕೆ ಸರಿಯಿತು. ಅವಳು ಹತ್ತಿದ ಕೂಡಲೇ ಬಸ್ಸು ಹೊರಟಿತು.

"ಯಾರ್ರಿ ಅವರು?" ಎಂದು ಕಂಡಕ್ಟರ್ ಮುದಕಪ್ಪನನ್ನು ಕೇಳಿದಳು.

"ಇರ್ಫಾನ ಮಾಸ್ತರ್ರಿ. ಈ ಭಾಗದಾಗ ಅವರ ಬ್ಯಾಂಡ್ ಬರದ ಮದಿವಿ ಮದಿವೀನ ಅಲ್ರಿ ಮೇಡಂ!"

ಅಮೀನಗಡ ದಾಟುವವರೆಗೂ ಖುಶನುಮಾಳ ಕಿವಿಯಲ್ಲಿ ಆ ಗಾಂಧಾರವೇ ತುಂಬಿತ್ತು.

*

ಸಂಗೀತ ವಿಭಾಗ ಎಂದರೆ ಒಂದೇ ಕೋಣೆ. ಅದರಲ್ಲೂ ಅರ್ಧ ಭಾಗ ಹಳೆಯ ಉತ್ತರ ಪತ್ರಿಕೆಗಳ ಮೂಟೆಗಳದ್ದು. ನಾಲ್ಕು ಹಾರ್ಮೋನಿಯಂಗಳಲ್ಲಿ ಎರಡು ಮೂಕ. ಏಳು ಜನ ವಿದ್ಯಾರ್ಥಿಗಳು.

"ಏಳು ಹುಡುಗರಿಗೆ ಒಂದು ಖೋಲಿ ಸಾಕಲ್ರಿ ಮೇಡಂ?" ಎಂದರು ಆಡಳಿತ ವಿಭಾಗದ ಚೇತನಕುಮಾರ.

"ಏಳು ಎಪ್ಪತ್ತಾದ್ರ ಎಷ್ಟು ಖೋಲಿ ಕೊಡ್ತೀರಿ? ಈಗ ಹೇಳಿಬಿಡ್ರಿ!"

ಅವರು ನಕ್ಕರು. ಖುಶನುಮಾ ನಗಲಿಲ್ಲ.

ಮೂಟೆಗಳನ್ನು ತಾನೇ ಮುಂದೆ ನಿಂತು ಸಾಗಿಸಿದಳು. ಹಾರ್ಮೋನಿಯಂ ರಿಪೇರಿ ಮಾಡಿಸಿದಳು. ಭಾನುವಾರ ಬಂದರೆ ಬಾದಾಮಿ, ಐಹೊಳೆ, ಹುನಗುಂದದ ಹಳ್ಳಿಗಳಿಗೆ ಹೋಗಿ ಹಾಡುವವರ, ಊದುವವರ, ಬಾರಿಸುವವರ ಮನೆ ಬಾಗಿಲು ತಟ್ಟಿದಳು.

"ನಿಮ್ಮ ಮಕ್ಕಳನ್ನ ಕಳಸ್ರಿ."

"ನಮ್ಮ ಹುಡುಗ ಶಹನಾಯಿ ಊದ್ತಾನ್ರಿ. ನಿಮ್ಮಲ್ಲಿ ಅದನ್ನ ಕಲಸೂರು ಯಾರದಾರ?"

ಎಲ್ಲ ಮನೆಯಲ್ಲೂ ಇದೇ ಪ್ರಶ್ನೆ. ಉತ್ತರ ಅವಳಿಗೆ ಗೊತ್ತಿತ್ತು. ಅದು ಹುನಗುಂದದಲ್ಲಿ ಕೆಂಪು ಕೋಟು ಹಾಕಿಕೊಂಡು ಓಡಾಡುತ್ತಿತ್ತು!

ಅವಳು ಹೋಗಿ, ಕಲಿಸಲು ಬನ್ನಿ ಎಂದು ಕೇಳಿದಾಗ ಇರ್ಫಾನ ಮೊದಲು ಜೋರಾಗಿ ನಕ್ಕುಬಿಟ್ಟ. "ಮೇಡಂ, ನಾ ಪಿಯುಸಿ ಫೇಲ್. ನಮ್ಮ ಅಬ್ಬಾ ಕಲಿಸಿದ್ದು ಬಿಟ್ರ ನನಗ ಬ್ಯಾರೆ ಏನೂ ಗೊತ್ತಿಲ್ರಿ."

"ನಾ ಮಾರ್ಕ್ಸ್ ಕಾರ್ಡು ಕೇಳಿಲ್ಲ ಮಾಸ್ತರ. ತೋಡಿ ಕೇಳೀನಿ."

ಅವನ ನಗು ನಿಂತಿತು. ಕ್ಲಾರಿನೆಟ್ಟಿನ ಗುಂಡಿಗಳ ಮೇಲೆ ಬೆರಳಾಡಿಸಿದ. "ಇಷ್ಟು ವರ್ಷದಾಗ ಅದು ತೋಡಿ ಅಂತ ಗುರುತು ಹಿಡದವರು ನೀವೊಬ್ಬರ..."

ಆದರೆ ಚೇತನಕುಮಾರ ತಲೆಯಾಡಿಸಿದರು. ಡಿಗ್ರಿ ಇಲ್ಲದವನನ್ನು ಅತಿಥಿ ಉಪನ್ಯಾಸಕ ಎನ್ನಲಾಗದು. ವಿಭಾಗದಲ್ಲಿ ಖಾಲಿ ಇರುವುದು ಒಂದೇ ಜಾಗ, ವಾದ್ಯಗಳನ್ನು ಒರೆಸಿ ಇಡುವ ಸಹಾಯಕನದು.

ಖುಶನುಮಾ ಆ ಜಾಗದ ನೇಮಕಾತಿ ಆದೇಶದ ಮುಂದೆ ಒಂದು ಮಧ್ಯಾಹ್ನವಿಡೀ ಕೂತಳು. 'ಮೊದಲು ಒಳಗೆ ಬರಲಿ. ಆಮೇಲೆ ಸರಿ ಮಾಡಿದರಾಯಿತು. ಈಗಲೇ ಹೇಳಿದರೆ ಬರುವುದೇ ಇಲ್ಲವೇನೋ...'

ಸಹಿ ಹಾಕಿದಳು.

"ಒಮ್ಮೆ ಓದ್ರಿ ಮಾಸ್ತರ," ಎಂದಳು, ಅವನು ಓದದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಾ.

"ನೀವು ಓದೀರಲ್ರಿ? ಸಾಕು." ಅವನು ನೋಡದೇ ಸಹಿ ಮಾಡಿದ.

*

ಇರ್ಫಾನ ಬಂದ ಮೇಲೆ ವಿಭಾಗದ ಉಸಿರೇ ಬದಲಾಯಿತು.

ಮೊದಲ ತಿಂಗಳು ಅವನು ಯಾರ ಕೈಗೂ ವಾದ್ಯ ಕೊಡಲಿಲ್ಲ. ಬರೀ ಉಸಿರಾಟ. ಹುಡುಗರು ಗೊಣಗಿದರು. ಎರಡನೇ ತಿಂಗಳು, ಒಂದೇ ಸ್ವರವನ್ನು ಮೂವತ್ತು ಎಣಿಸುವವರೆಗೆ ಎಳೆದಾಗ ತಾವೇ ಬೆರಗಾದರು! ಮಹಾಕೂಟದ ಹತ್ತಿರದ ದುರಗಪ್ಪನ ಮಗ ರಾಹುಲ ಶಹನಾಯಿ ಹಿಡಿದು ಬಂದ. ಬಾದಾಮಿಯ ಆಫ್ರೀನ, 'ಹುಡುಗಿ ಕ್ಲಾರಿನೆಟ್ ಊದ್ತಾಳಂತ' ಎಂದು ನಕ್ಕವರ ಎದುರಿಗೇ ಹೆಸರು ಹಚ್ಚಿದಳು. ವರ್ಷದ ನಡುವೆಯೇ ಸರ್ಟಿಫಿಕೇಟ್ ಕೋರ್ಸು ಶುರುವಾಗಿ ಏಳು ಇದ್ದವರು ಮೂವತ್ತೆಂಟಾದರು.

ದಿನಾ ಬೆಳಿಗ್ಗೆ ಒಂದೇ ಬಸ್ಸು. ಖುಶನುಮಾ ಇಳಕಲ್ಲಿನಲ್ಲಿ ಹತ್ತಿ ಪಕ್ಕದ ಸೀಟಿನ ಮೇಲೆ ಚೀಲ ಇಡುತ್ತಿದ್ದಳು. ಹುನಗುಂದ ಬಂದ ಕೂಡಲೇ ಎತ್ತಿಕೊಳ್ಳುತ್ತಿದ್ದಳು.

"ಮೇಡಂ, ಆ ಚೀಲಕ್ಕೂ ಒಂದು ಪಾಸ್ ಮಾಡಿಸಿಬಿಡ್ರಿ," ಎಂದು ಮುದಕಪ್ಪ ಒಮ್ಮೆ ಅಂದಾಗ ಅವಳ ಕಿವಿ ಬೆಚ್ಚಗಾಯಿತು.

ಆ ಒಂದೂವರೆ ತಾಸಿನ ದಾರಿಯಲ್ಲಿ ಪಠ್ಯ ತಯಾರಾಯಿತು, ಜಗಳವೂ ಆಯಿತು. ಅವನಿಗೆ ನಲವತ್ತು, ಅವಳಿಗೆ ಮೂವತ್ತೇಳು. ಇಬ್ಬರು ತಂಗಿಯರ ಮದುವೆ ಮಾಡುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ದಾಟಿದ್ದು ತಿಳಿಯಲೇ ಇಲ್ಲ ಎಂದು ಅವನು ನಗುತ್ತಾ ಹೇಳಿದ್ದ. ಅವಳು ನಗಲಾರದೆ ಕಿಟಕಿಯತ್ತ ತಿರುಗಿದ್ದಳು.

'ಇವತ್ತು ಹೇಳಬೇಕು... ಆ ಆದೇಶದ ವಿಷಯ ಇವತ್ತೇ ಹೇಳಬೇಕು...'

ಆದರೆ ಅವನು ಕಣ್ಣರಳಿಸಿ, "ನಿನ್ನೆ ಆಫ್ರೀನ ಮೀಂಡ್, ಆ ಸ್ವರದ ಜಾರು, ಎಷ್ಟು ಚಂದ ತಗದ್ಲು ಗೊತ್ತೇನ್ರಿ?" ಎನ್ನುವಾಗ ಅವಳಿಗೆ ಹೇಳಲು ಬಾಯಿಯೇ ಬರುತ್ತಿರಲಿಲ್ಲ. ಹೀಗೆಯೇ ಎಂಟು ತಿಂಗಳು ಕಳೆದವು.

*

ಅವತ್ತು ಎಲ್ಲರಿಗೂ ಗುರುತಿನ ಚೀಟಿ ಬಂತು. ಇರ್ಫಾನ ಖುಷಿಯಿಂದ ಕೊರಳಿಗೆ ಹಾಕಿಕೊಂಡ. ಹುಡುಗರು ಮುತ್ತಿಕೊಂಡರು.

ಓದಿದ್ದು ರಾಹುಲ. ಅರ್ಧಕ್ಕೇ ಅವನ ದನಿ ನಿಂತಿತು. "ಇರ್ಫಾನ... ವಾದ್ಯ ಕೋಣೆ ಸಹಾಯಕ..."

ಅಷ್ಟರಲ್ಲೇ ವರಾಂಡದಲ್ಲಿ ಹೊರಗಿನಿಂದ ಬಂದ ಅಧಿಕಾರಿಯೊಬ್ಬ ಆ ಚೀಟಿ ನೋಡಿದ. "ಸಹಾಯಕ ಅಲ್ಲೇನು ನೀ? ಒಳಗ ಮೀಟಿಂಗಿಗೆ ಆರು ಚಹಾ ತಗೊಂಡು ಬಾ."

ಖುಶನುಮಾ ಮೀಟಿಂಗಿನಲ್ಲಿ ಹೊಸ ಕಟ್ಟಡದ ಮಾತಾಡುತ್ತಿದ್ದಳು. ಬಾಗಿಲು ತೆರೆಯಿತು. ತಟ್ಟೆ ಹಿಡಿದು ಒಳಗೆ ಬಂದವನನ್ನು ಕಂಡು ಅವಳು ಕುರ್ಚಿಯಿಂದ ಅರ್ಧ ಎದ್ದಳು!

ಇರ್ಫಾನ ಒಬ್ಬೊಬ್ಬರ ಮುಂದೆ ಒಂದೊಂದು ಕಪ್ಪು ಇಟ್ಟ. ಕೊನೆಯದು ಅವಳ ಮುಂದೆ.

"ಮೇಡಂ... ಚಹಾ."

ಕೊರಳಿನ ಚೀಟಿಯನ್ನು ತೆಗೆದು, ಕಪ್ಪಿನ ಪಕ್ಕದಲ್ಲಿಟ್ಟು ಹೊರಟುಹೋದ.

ಅವಳು ಓಡಿ ಬಂದಾಗ ಅವನು ಗೇಟಿನ ಹತ್ತಿರವಿದ್ದ.

"ಮಾಸ್ತರ, ನಿಂದರ್ರಿ! ನಾ ಸರಿ ಮಾಡಬೇಕಂತಿದ್ದೆ..."

"ನಿಮಗ ಗೊತ್ತಿತ್ತು?"

ಅವಳು ತಲೆ ತಗ್ಗಿಸಿದಳು.

"ಸಹಾಯಕ ಆಗಾಕ ನನಗ ನಾಚಿಕಿ ಇಲ್ರಿ. ನೀವು ಹೇಳಿದ್ರ ಕಸಾನೂ ಹೊಡೀತಿದ್ದೆ, ಹುಡುಗರಿಗೆ ಕಲಸ್ತಾನೂ ಇದ್ದೆ." ಅವನು ಗೇಟು ತಳ್ಳಿದ. "ಖರೆ ನೀವು ಹೇಳಲಿಲ್ಲ. ದಿನಾ ಬಾಜೂಕ ಕುಂತು ಬಂದ್ರೂ ಹೇಳಲಿಲ್ಲ. ನನ್ನ ಬ್ಯಾಂಡಿನ್ಯಾಗ ನಾ ಏನದೀನಿ ಅಂತ ನನಗರ ಗೊತ್ತಿರತೈತಿ."

ಮರುದಿನ ಹುನಗುಂದದಲ್ಲಿ ಬಸ್ಸು ನಿಂತು, ಯಾರನ್ನೂ ಹತ್ತಿಸಿಕೊಳ್ಳದೆ ಹೊರಟಿತು. ಚೀಲದ ಮೇಲೆ ಕೈಯಿಟ್ಟುಕೊಂಡು ಖುಶನುಮಾ ದಾರಿಯುದ್ದಕ್ಕೂ ಅತ್ತಳು.

*

ಅತ್ತು ಮುಗಿದ ಮೇಲೆ ಕೆಲಸಕ್ಕೆ ಕೂತಳು.

ನಿಯಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಪದವಿ ಇಲ್ಲದಿದ್ದರೂ ನುರಿತ ಕಲಾವಿದರನ್ನು ಪ್ರಾಧ್ಯಾಪಕರೆಂದು ಕರೆಯಲು ಒಂದು ದಾರಿ ಅಲ್ಲಿಯೇ ಇತ್ತು! ವಿದ್ಯಾವಿಷಯಕ ಪರಿಷತ್ತು ಒಪ್ಪಬೇಕು, ಅಷ್ಟೇ.

'ಎಂಟು ತಿಂಗಳ ಹಿಂದೆಯೇ ಓದಬಹುದಿತ್ತಲ್ಲ... ಸುಲಭದ ಸಹಿ ಹಾಕಿಬಿಟ್ಟೆನಲ್ಲ...'

ಊದುವ ವಾದ್ಯಗಳಿಗೇ ಪ್ರತ್ಯೇಕ ಪದವಿ ಕೋರ್ಸು, ಅದಕ್ಕೊಬ್ಬ ಕಲಾವಿದ ಪ್ರಾಧ್ಯಾಪಕ. ಪ್ರಸ್ತಾವ ಬರೆದು ಪರಿಷತ್ತಿನ ಮುಂದಿಟ್ಟಳು.

"ಬ್ಯಾಂಡಿನವರನ್ನ ಪ್ರಾಧ್ಯಾಪಕ ಅಂತ ಕರೀಬೇಕೇನ್ರಿ?" ಒಬ್ಬ ಸದಸ್ಯರು ನಕ್ಕರು.

"ಕೇಳಿದ ಮ್ಯಾಲೆ ನೀವ ಹೇಳ್ರಿ ಸರ್. ಬರೂ ಶನಿವಾರ ಬಾದಾಮಿಯೊಳಗ ನಮ್ಮ ವಿಭಾಗದ ಸಂಗೀತ ಕಛೇರಿ ಐತಿ. ಎಲ್ಲಾರೂ ಬರ್ರಿ."

ಆಮೇಲೆ ಹುನಗುಂದಕ್ಕೆ ಹೋದಳು. ಬಾಗಿಲು ತೆರೆದದ್ದು ಇರ್ಫಾನನ ತಾಯಿ ರೋಷನಬಿ. ಅವಳನ್ನು ಕೂರಿಸಿ, ನೀರು ಕೊಟ್ಟು, ಮಗನನ್ನು ಕರೆದರು.

ಅವನು ಹೊಸ್ತಿಲಲ್ಲೇ ನಿಂತ.

"ನಾ ನಿಮ್ಮನ್ನ ವಾಪಸ್ ಕರ್ಯಾಕ ಬಂದಿಲ್ಲ," ಎಂದಳು ಖುಶನುಮಾ. "ಶನಿವಾರ ಎಲ್ಲಾರ ಮುಂದ ಒಂದು ಖರೆ ಮಾತು ಹೇಳೂದೈತಿ. ನಿಮಗ ಕೇಳಬೇಕನಿಸಿದ್ರ ಬರ್ರಿ. ಇಲ್ಲಂದ್ರೂ ಹೇಳ್ತೀನಿ."

ಅವನು ಒಳಗೆ ಹೋದ. ರೋಷನಬಿ ಅವಳ ತಲೆ ಸವರಿ ಕಳಿಸಿದರು.

*

ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲು. ಸಂಜೆಯ ಬಿಸಿಲಿಗೆ ಬಂಡೆಗಳೆಲ್ಲ ಕೆಂಪೇರಿದ್ದವು. ಮುಂದಿನ ಸಾಲಿನಲ್ಲಿ ಕುಲಪತಿಗಳು, ಪರಿಷತ್ತಿನ ಸದಸ್ಯರು. ಹಿಂದೆ ಊರಿಗೆ ಊರೇ.

ಹದಿನಾಲ್ಕು ಹುಡುಗ ಹುಡುಗಿಯರು ಶಹನಾಯಿ, ಕ್ಲಾರಿನೆಟ್ ತುಟಿಗಿಟ್ಟರು. ಒಂದೇ ಷಡ್ಜ. ಒಂದೇ ಉಸಿರು ಎನ್ನುವಂತೆ ಅದು ನೀರಿನ ಮೇಲೆ ಹರಿದು, ಆಚೆ ಬಂಡೆಗೆ ತಾಗಿ ಮರಳಿ ಬಂತು! ಗದ್ದಲವೆಲ್ಲ ನಿಂತುಹೋಯಿತು. ಆಫ್ರೀನ ಎದ್ದು ನಿಂತು ನುಡಿಸಿದಾಗ ಹಿಂದಿನ ಮೆಟ್ಟಿಲಲ್ಲಿ ಅವಳ ಅಪ್ಪ ಟೋಪಿ ತೆಗೆದು ಕಣ್ಣೊರೆಸಿಕೊಂಡ.

ಚಪ್ಪಾಳೆ ನಿಲ್ಲುವವರೆಗೆ ಕಾದು ಖುಶನುಮಾ ಮೈಕು ಹಿಡಿದಳು.

"ಈ ಮಕ್ಕಳಿಗೆ ಕಲಿಸಿದವರು ಹುನಗುಂದದ ಇರ್ಫಾನ ಮಾಸ್ತರ. ನಮ್ಮ ದಾಖಲೆಯೊಳಗ ಅವರು ವಾದ್ಯ ಒರೆಸೋ ಸಹಾಯಕ. ಆ ಕಾಗದಕ್ಕ ಸಹಿ ಹಾಕಿದಾಕಿ ನಾನು. ಅವರಿಗೆ ತಿಳಿಸದ ಹಾಕಿದೆ. ತಪ್ಪು ಆಫೀಸಿಂದಲ್ಲ, ನಂದು. ನಮ್ಮ ವಿಭಾಗ ಇವತ್ತು ನಿಂತಿದ್ದು ಅವರ ಉಸಿರಿನ ಮ್ಯಾಲೆ. ಮಾಸ್ತರ... ಮಾಫ್ ಮಾಡ್ರಿ."

ಅವಳು ಮೆಟ್ಟಿಲುಗಳ ಸಾಲಿನಲ್ಲಿ ಹುಡುಕಿದಳು. 'ಬಂದಿಲ್ಲ... ಅವನು ಬಂದಿಲ್ಲ...'

ಅಷ್ಟರಲ್ಲಿ ಹುಡುಗರು ಒಬ್ಬೊಬ್ಬರಾಗಿ ಎದ್ದು ನಿಂತರು. ಅವರ ಕಣ್ಣೆಲ್ಲ ಹಿಂದೆ, ಮೇಲಿನ ಮೆಟ್ಟಿಲ ಕಡೆ. ಅಲ್ಲಿ ಕೆಂಪು ಕೋಟು!

ಊರಿನ ಯಾವುದೋ ಮದುವೆ ಮುಗಿಸಿ ನೇರ ಬಂದಿದ್ದ. ಕಂಕುಳಲ್ಲಿ ಕ್ಲಾರಿನೆಟ್.

ಕುಲಪತಿಗಳು ತಾವೇ ಎದ್ದರು. "ಬರ್ರಿ ಮಾಸ್ತರ. ಕೇಳಾಕ ಕುಂತೀವಿ."

ಅವನು ನಿಧಾನಕ್ಕೆ ಇಳಿದು ಬಂದು ಖುಶನುಮಾಳ ಪಕ್ಕ ಕೂತ. ಅವಳತ್ತ ತಿರುಗಿ, ಮೈಕಿಗೆ ಕೇಳಿಸದಂತೆ ಕೇಳಿದ, "ಯಾವ ರಾಗ ಮೇಡಂ?"

"ನೀವ ಹೇಳ್ರಿ."

"ಪೂರಿಯಾ ಧನಾಶ್ರೀ. ನೀವು ಹಾಡಿದ್ರ ಅಷ್ಟ ನಾ ನುಡಸ್ತೀನಿ."

ಅವಳು ಹಾಡಿದಳು. ಅವನು ನೆರಳಿನಂತೆ ಹಿಂಬಾಲಿಸಿದ, ಆಮೇಲೆ ಮುಂದೆ ಹೋಗಿ ಅವಳನ್ನು ಕರೆದ. ಅವಳು ತಾರ ಷಡ್ಜ ಮುಟ್ಟಿದಾಗ ಕ್ಲಾರಿನೆಟ್ಟೂ ಅಲ್ಲಿಯೇ ಬಂದು ನಿಂತಿತು. ಯಾವುದು ದನಿ, ಯಾವುದು ವಾದ್ಯ, ಯಾರಿಗೂ ತಿಳಿಯಲಿಲ್ಲ!

ಜನ ಎದ್ದು ನಿಂತರು. ಅಂದು ನಕ್ಕಿದ್ದ ಸದಸ್ಯರೇ ಎಲ್ಲರಿಗಿಂತ ಮೊದಲು ಎದ್ದಿದ್ದರು.

*

ಪರಿಷತ್ತಿನಲ್ಲಿ ಒಬ್ಬರೂ ವಿರೋಧಿಸಲಿಲ್ಲ. ಇರ್ಫಾನ ಕಲಾವಿದ ಪ್ರಾಧ್ಯಾಪಕನಾಗಿ ಮರಳಿ ಬಂದ.

ಜೂನ್ ಬಂತು. ಸಂಗೀತ ವಿಭಾಗಕ್ಕೆ ಎಂಟು ಕೋಣೆಗಳ ಹೊಸ ಕಟ್ಟಡ. ಪ್ರವೇಶದ ದಿನ ಬಾಗಿಲಿನಿಂದ ಗೇಟಿನವರೆಗೆ ಸಾಲು. ಶಹನಾಯಿ ಹೊತ್ತವರು, ಡೊಳ್ಳು ಹೊತ್ತವರು, ಅಜ್ಜಿಯ ಹಾಡು ಕಲಿತು ಬಂದವರು. ಹನಮವ್ವ ಎಂಬ ಹುಡುಗಿ ಹೆಸರು ಹಚ್ಚುವ ಮೊದಲೇ ಕಾರಿಡಾರಿನಲ್ಲಿ ಹಾಡಲು ಶುರು ಮಾಡಿದ್ದಳು. ಚೇತನಕುಮಾರ ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದರು.

"ಮೇಡಂ, ನೂರಾ ಹನ್ನೆರಡು ಅರ್ಜಿ! ಖೋಲಿ ಸಾಲೂದಿಲ್ರಿ!"

ಖುಶನುಮಾ ಬಾಯ್ತುಂಬ ನಕ್ಕಳು.

ಮಧ್ಯಾಹ್ನ ಸಾಲು ಕರಗಿದಾಗ ಹೊಸ ತರಗತಿಯಲ್ಲಿ ಇರ್ಫಾನ ಒಬ್ಬನೇ ಕಿಟಕಿ ತೆರೆಯುತ್ತಿದ್ದ. ಅವಳು ಬಾಗಿಲಲ್ಲಿ ನಿಂತಳು.

"ಮಾಸ್ತರ, ಒಂದು ಮಾತು ಐತಿ. ಮುಖ್ಯಸ್ಥಿ ಅಂತ ಹೇಳಾಕತ್ತಿಲ್ಲ. ನೀವು 'ಇಲ್ಲ' ಅಂದ್ರೂ ಈ ವಿಭಾಗದಾಗ ಏನೂ ಬದಲಾಗೂದಿಲ್ಲ."

"ಹೇಳ್ರಿ."

"ಒಮ್ಮೆ ಮುಚ್ಚಿಟ್ಟು ಭಾಳ ಅನುಭವಿಸೀನಿ. ಇನ್ನ ಏನೂ ಮುಚ್ಚಿಡೂದಿಲ್ಲ." ಅವಳು ಉಸಿರೆಳೆದುಕೊಂಡಳು. "ನೀವಂದ್ರ ನನಗ ಭಾಳ ಇಷ್ಟ. ನಿಮ್ಮ ಜೋಡಿ ಬಾಳ್ವಿ ಮಾಡಬೇಕಂತೀನಿ."

ಇರ್ಫಾನನ ಕೈ ಕಿಟಕಿಯ ಮೇಲೆಯೇ ಉಳಿಯಿತು. ಸಾವಿರ ಮದುವೆಗೆ ನುಡಿಸಿದವನು ತೆರೆದ ಕಿಟಕಿಯನ್ನು ಮತ್ತೆ ಹಾಕಿದ!

"ಏನರ ಅನ್ರಿ..."

"ಅಮ್ಮಿ ನಾಳೆ ಇಳಕಲ್ಲಿಗೆ ಬರಾಕ ಬುರ್ಖಾ ಇಸ್ತ್ರಿ ಮಾಡಿ ಇಟ್ಕೊಂಡಾಳ," ಅಂದ ಮೆಲ್ಲಗೆ. "ನಿಮ್ಮ ಅಮ್ಮನ ಮುಂದ ಮದಿವಿ ಮಾತು ಎತ್ತಾಕ. ನಿಮಗ ಮೊದಲು ಹ್ಯಾಂಗ ಹೇಳಬೇಕು ಅಂತ ತಿಳೀದ, ಮುಂಜಾನಿಂದ ಈ ಕಿಟಕಿ ತಗದು ಹಾಕಿ, ತಗದು ಹಾಕಿ ಮಾಡಾಕತ್ತೀನಿ."

ಅವಳು ನಗುತ್ತಲೇ ಅತ್ತಳು. ಅವನು ಹತ್ತಿರ ಬಂದು, ಮೊದಲ ಸಲ ಅವಳ ಕೈ ಹಿಡಿದ.

"ಖುಶನುಮಾ..." ಅಂದ. ಮೇಡಂ ಅನ್ನಲಿಲ್ಲ.

"ಹ್ಞೂಂ?"

"ನಮ್ಮ ಮದಿವ್ಯಾಗ ಬ್ಯಾಂಡ್ ಯಾರದು?"

"ನಮ್ಮ ಹುಡುಗರದು. ಮತ್ತ ಯಾರದು?"

"ಅಯ್ಯೋ ಬ್ಯಾಡ, ಆ ರಾಹುಲ ಇನ್ನೂ ಲಯ ಓಡಸ್ತಾನ!"

"ಹಂಗಾದ್ರ ಇವತ್ತಿಂದ ತಾಲೀಮು ಚಾಲೂ ಮಾಡ್ರಿ," ಅಂದಳು ಅವಳು, ಕೈ ಬಿಡದೇ.