ಬರಲ್ಲ ಅಂದವನು

"ಇದು ಸತ್ತಿದೆ."

ತಲೆಯನ್ನೂ ಎತ್ತದೆ ಹೇಳಿಬಿಟ್ಟ ರಿಪೇರಿ ಅಂಗಡಿಯವನು. ಹಣೆಗೆ ಕಟ್ಟಿದ ಪಟ್ಟಿಯಿಂದ ದಪ್ಪನೆಯ ಭೂತಗನ್ನಡಿಯೊಂದು ಅವನ ಕಣ್ಣಿನ ಮೇಲೆ ಇಳಿಬಿದ್ದಿತ್ತು. ಬೆರಳುಗಳ ನಡುವೆ ಅವಳ ಪೆನ್‌ಡ್ರೈವ್. ಅದರ ಲೋಹದ ಮೂತಿ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು.

ಸತ್ತಿದೆ... ಎಷ್ಟು ಸಲೀಸಾಗಿ ಅಂದುಬಿಟ್ಟನಲ್ಲ!

"ಹಾಗನ್ನಬೇಡಿ," ಎಂದಳು ಅವಳು.

ಆಗ ಅವನು ತಲೆ ಎತ್ತಿದ. ಗಾಜಿನ ಹಿಂದೆ ಅವನ ಒಂದು ಕಣ್ಣು ತಟ್ಟೆಯಷ್ಟು ದೊಡ್ಡದಾಗಿ ಕಂಡಿತು. ಆ ಬೀದಿಯವರು ಅವನನ್ನು ಕರೆಯುತ್ತಿದ್ದುದೇ ಭೂತಗನ್ನಡಿ ಎಂದು. ಬೇರೆ ದಿನವಾಗಿದ್ದರೆ ಅವಳಿಗೂ ನಗು ಬರುತ್ತಿತ್ತು.

ಒಳಗೇನಿದೆ, ಮದುವೆ ಫೋಟೋನಾ, ಆಫೀಸಿನ ಕಡತವಾ ಎಂದು ವಿಚಾರಿಸಿದ.

"ಅಮ್ಮನ ಮಾತು."

"ಆಡಿಯೋನಾ?"

"ಅಲ್ಲ, ವಿಡಿಯೋ. ಶಬ್ದ ಇಲ್ಲ."

"ಶಬ್ದ ಇಲ್ಲದೆ ಅದ್ಯಾವ ಸೀಮೆ ಮಾತು ರೀ?"

ಅವನು ತಮಾಷೆಗೆ ಕೇಳಿದ್ದು. ಆದರೆ ಬೆಂದ ಮನಸ್ಸಿಗೆ ತಮಾಷೆ ಹಿಡಿಸುತ್ತದೆಯೇ? ಅವಳು ಅವನ ಬೆರಳುಗಳಿಂದ ಪೆನ್‌ಡ್ರೈವನ್ನು ಕಿತ್ತುಕೊಂಡಳು.

"ನಮ್ಮಮ್ಮನಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ, ಮಾತು ಬರಲ್ಲ. ಕೈಯಲ್ಲೇ ಎಲ್ಲಾ ಹೇಳ್ತಿದ್ಲು. ಈಗ ಆ ಕೈನೂ ಬಿದ್ದುಹೋಗಿದೆ. ಇನ್ನೂ ಏನಾದ್ರೂ ತಮಾಷೆ ಇದ್ರೆ ಹೇಳಿ, ಕೇಳಿಸ್ಕೊಂಡು ಹೋಗ್ತೀನಿ."

ಅವನು ಭೂತಗನ್ನಡಿ ಕಳಚಿಟ್ಟ. ಸ್ಟೂಲನ್ನು ಅವಳ ಕಡೆಗೆ ತಳ್ಳಿ, ಅಂಗೈ ಚಾಚಿ ಕಾದ. ಬಹಳ ಹೊತ್ತಿನ ಮೇಲೆ ಅವಳು ಪೆನ್‌ಡ್ರೈವನ್ನು ಮತ್ತೆ ಆ ಅಂಗೈಯಲ್ಲಿಟ್ಟಳು.

ಅವಳು ಔಷಧದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ದಿನವಿಡೀ ಊರಿನವರ ಕಾಯಿಲೆಗೆಲ್ಲ ಮಾತ್ರೆ ಕೊಡುತ್ತಿದ್ದವಳಿಗೆ ತನ್ನ ಮನೆಯ ಕಾಯಿಲೆಗೆ ಮಾತ್ರ ಯಾವ ಕಪಾಟಿನಲ್ಲೂ ಮದ್ದು ಸಿಕ್ಕಿರಲಿಲ್ಲ.

ಅಮ್ಮ ಶಾಲೆಯ ಮುಖ ಕಂಡವಳಲ್ಲ. ಕಿವುಡರಿಗೆ ಕಲಿಸುವ ಸನ್ನೆಗಳೂ ಅವಳಿಗೆ ಗೊತ್ತಿರಲಿಲ್ಲ. ಅಪ್ಪನ ಕೈ ಹಿಡಿದು ಬಂದ ಮೇಲೆ ಇಬ್ಬರೂ ಸೇರಿ ತಮ್ಮದೇ ಒಂದು ಕೈಮಾತು ಕಟ್ಟಿಕೊಂಡರು. ಉಪ್ಪಿಗೊಂದು ಬೆರಳು, ಬೇಸರಕ್ಕೊಂದು ಬೆರಳು. ಮಗಳು ತೊಡೆಯ ಮೇಲೆ ಕುಳಿತೇ ಆ ಭಾಷೆ ಕಲಿತಳು. ಅಪ್ಪ ಹೋದ ಮೇಲೆ ಅದನ್ನು ಬಲ್ಲವರು ಲೋಕದಲ್ಲಿ ತಾಯಿ ಮಗಳು ಇಬ್ಬರೇ.

ಇದು ತಮ್ಮ ಜೊತೆಗೇ ಮುಗಿದುಹೋಗಬಾರದು ಎಂದು ಅವಳು ಅಮ್ಮನನ್ನು ಕೂರಿಸಿ ಮಾತಾಡಿಸಿ ವಿಡಿಯೋ ಮಾಡಿದಳು. ಬಾಲ್ಯದ ಕಥೆ, ಅಪ್ಪನನ್ನು ಮೊದಲು ಕಂಡ ದಿನ, ಪಕ್ಕದ ಮನೆಯವರ ಮೇಲಿನ ಚಾಡಿ... ಎಲ್ಲಾ. ಫೋನು ತುಂಬಿತೆಂದು ಪೆನ್‌ಡ್ರೈವಿಗೆ ಹಾಕಿ, ಫೋನಿನದನ್ನು ಅಳಿಸಿಯೂಬಿಟ್ಟಳು. ಇನ್ನೊಂದು ಕಡೆ ಇಟ್ಟಿರಬೇಕಿತ್ತು, ನಿಜ. ಕೆಟ್ಟ ಮೇಲೆ ತಾನೇ ಬುದ್ಧಿ ಬರುವುದು?

ಅದೇ ಮಧ್ಯಾಹ್ನ ಅಡುಗೆಮನೆಯಲ್ಲಿ ದಬ್ಬೆಂದು ಸದ್ದಾಯಿತು. ಅವಳು ಎದ್ದು ಓಡಿದ ರಭಸಕ್ಕೆ ತೊಡೆಯ ಮೇಲಿದ್ದ ಲ್ಯಾಪ್‌ಟಾಪು ಜಾರಿ, ಪೆನ್‌ಡ್ರೈವ್ ನೆಲಕ್ಕೆ ಮೂತಿ ಕೊಟ್ಟಿತು. ಒಳಗೆ ಅಮ್ಮ ಬಿದ್ದಿದ್ದಳು. ಪಾರ್ಶ್ವವಾಯು ಬಲಗಾಲನ್ನೂ ಬಲಗೈಯನ್ನೂ ಪೂರ್ತಿ ನುಂಗಿತ್ತು.

ಎಡಗೈ ಚೆನ್ನಾಗೇ ಇದೆ, ಅದರಲ್ಲೇ ರೂಢಿ ಮಾಡಿಸಿ ಎಂದರು ಡಾಕ್ಟರು. ಅಮ್ಮ ಒಂದೇ ಒಂದು ಸಲ ಯತ್ನಿಸಿದಳು. ಬೆರಳುಗಳು ತೊದಲಿದವು. ಆ ಕೈಯನ್ನು ಹೊದಿಕೆಯೊಳಗೆ ಅಡಗಿಸಿ ಗೋಡೆಯ ಕಡೆ ತಿರುಗಿ ಮಲಗಿದವಳು ಮತ್ತೆ ಮಾತಾಡಲಿಲ್ಲ. ಮಗಳು ಎಷ್ಟು ಕಾಡಿದರೂ, ಬೇಡಿದರೂ, ಎಡಗೈ ಹೊರಗೆ ಬರಲಿಲ್ಲ.

ಮನೆ ಮೊದಲೂ ನಿಶ್ಶಬ್ದವಾಗೇ ಇತ್ತು. ಈಗ ಮೂಕವಾಯಿತು.

ಅಮ್ಮ ಎದುರಿಗೇ ಇದ್ದಾಳೆ... ಆದರೆ ನಾನು ತಬ್ಬಲಿ. ಇದನ್ನು ಯಾರಿಗೆ ಹೇಳಲಿ?

ಭೂತಗನ್ನಡಿ ಸುಳ್ಳು ಭರವಸೆ ಕೊಡಲಿಲ್ಲ. ಪೆನ್‌ಡ್ರೈವಿನ ಹೊಟ್ಟೆಯಲ್ಲಿ ಎರಡು ಚಿಪ್ ಇರುತ್ತವೆ, ಒಂದು ಎಲ್ಲವನ್ನೂ ಇಟ್ಟುಕೊಂಡಿರುವುದು, ಇನ್ನೊಂದು ಯಾವುದು ಎಲ್ಲಿದೆ ಎಂದು ತೋರಿಸುವುದು ಎಂದು ವಿವರಿಸಿದ. ದಾರಿ ತೋರಿಸುವುದು ಸತ್ತಿದೆ. ಇಟ್ಟುಕೊಂಡಿರುವುದಕ್ಕೂ ಏಟು ಬಿದ್ದಿದೆ. ಬಿಸಿ ಗಾಳಿ ಹಾಯಿಸಿ ಅದನ್ನು ಬಿಡಿಸಿ ಬೇರೆ ಯಂತ್ರದಲ್ಲಿ ಓದಿಸಬೇಕು. ಬಂದರೂ ಚೂರುಚೂರಾಗಿ ಬರುತ್ತದೆ, ಹಿಂದಿನದು ಮುಂದೆ, ಮುಂದಿನದು ಹಿಂದೆ.

"ಯಾವ ಚೂರಿಗೆ ಯಾವುದು ಸೇರುತ್ತೆ ಅಂತ ನನಗೆ ಗೊತ್ತಾಗಲ್ಲ," ಎಂದ. "ಅಮ್ಮ ಏನು ಹೇಳ್ತಿದ್ದಾರೆ ಅಂತ ನೀವು ಪಕ್ಕದಲ್ಲಿ ಕೂತು ಹೇಳಬೇಕು."

ಹೀಗೆ ಶುರುವಾಯಿತು. ಕೆಲಸ ಮುಗಿಸಿ ಸಂಜೆ ಅವಳು ಅವನ ಅಂಗಡಿಗೆ ಹೋಗುವಳು. ಅವಳು ಮನೆಗೆ ಮರಳುವವರೆಗೆ ಪಕ್ಕದ ಮನೆಯ ಅಜ್ಜಿ ಅಮ್ಮನ ಬಳಿ ಇರುತ್ತಿದ್ದಳು. ಬಿಚ್ಚಿಟ್ಟ ಫೋನುಗಳು, ಬಣ್ಣಬಣ್ಣದ ವೈರುಗಳು, ಕರಗಿದ ಸೀಸದ ವಾಸನೆಯ ಆ ಇಕ್ಕಟ್ಟಿನಲ್ಲಿ ಇಬ್ಬರೂ ಒಂದೇ ತೆರೆಗೆ ಕಣ್ಣು ನೆಟ್ಟು ಕೂರುವರು.

ಮೊದಲು ಬರಿಯ ಬೂದು ಪಟ್ಟೆಗಳು ಬಂದವು. ಆಮೇಲೊಂದು ಸಂಜೆ... ಅಮ್ಮನ ಮಣಿಕಟ್ಟು! ಬಳೆ, ನಡುಬೆರಳಿನ ಸುಟ್ಟ ಕಲೆ. ರೆಪ್ಪೆ ಬಡಿಯುವಷ್ಟರಲ್ಲಿ ಮಾಯವಾಯಿತು. ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ಫ್ಯಾನನ್ನು ಅವಳ ಕಡೆ ತಿರುಗಿಸಿದ. ಗಂಡಸರ ಸಮಾಧಾನ ಇಷ್ಟೇ ಎಂದುಕೊಂಡಳು. ಆದರೂ ಆ ಗಾಳಿ ಹಿತವಾಗಿತ್ತು.

ಇದು ಮುನಿಸು, ಇದು ನಿನ್ನೆ, ಇದು ಅಪ್ಪ ಎಂದು ಅವಳು ಹೇಳುತ್ತಾ ಹೋದಳು. ಅವನು ತೆರೆ ನೋಡುತ್ತಾ ತಾನೂ ಬೆರಳಾಡಿಸುತ್ತಿದ್ದ. ಅಪ್ಪನಿಗೇಕೆ ಗದ್ದ ತೋರಿಸುತ್ತಾರೆ ಎಂದೆಲ್ಲ ಕೇಳುತ್ತಿದ್ದ. ಈ ಭಾಷೆಯ ಬಗ್ಗೆ ಇಷ್ಟೊಂದು ಕೇಳಿದವರು ಅವಳ ಬದುಕಿನಲ್ಲಿ ಇನ್ನೊಬ್ಬರಿರಲಿಲ್ಲ. ಹಿಂದೆ ನೋಡಲು ಬಂದಿದ್ದ ಗಂಡೊಬ್ಬ ಅಮ್ಮನ ಕೈ ಆಡುವುದನ್ನು ಕಂಡು ಕಾಫಿ ಮುಗಿಸುವ ಮೊದಲೇ ಎದ್ದು ಹೋಗಿದ್ದ.

ಇವನು ಹಾಗಲ್ಲ... ಅಲ್ಲವಾ? ಎಂದು ಅವಳ ಮನಸ್ಸು ಕೇಳತೊಡಗಿತ್ತು.

ಸಿಕ್ಕ ಒಂದು ಚೂರನ್ನು ಅವಳ ಫೋನಿಗೆ ಹಾಕಿಕೊಟ್ಟ. ಅವಳು ಮನೆಗೆ ಓಡಿ ಅಮ್ಮನ ಮುಂದೆ ಹಿಡಿದಳು. ತೆರೆಯ ಮೇಲೆ ತನ್ನದೇ ಬಲಗೈ ಹಕ್ಕಿಯಂತೆ ಹಾರಾಡುವುದನ್ನು ಅಮ್ಮ ನೋಡಿದಳು. ಮಡಿಲಲ್ಲಿ ಬಿದ್ದಿದ್ದ ಅದೇ ಕೈಯನ್ನು ನೋಡಿದಳು. ತಲೆಯಿಂದಲೇ ಫೋನನ್ನು ಅತ್ತ ನೂಕಿ ಕಣ್ಣು ಮುಚ್ಚಿದಳು. ರೆಪ್ಪೆಯಡಿಯಿಂದ ನೀರು ಹರಿಯುತ್ತಲೇ ಇತ್ತು.

ಅವಳು ಕೈಚೆಲ್ಲಿ ಕುಳಿತಳು. ಯಾವುದನ್ನು ಜೀವದಂತೆ ಹುಡುಕುತ್ತಿದ್ದಳೋ ಅದೇ ಅಮ್ಮನ ಜೀವ ಹಿಂಡಿತ್ತು.

ಮರುದಿನ ಅಂಗಡಿಯಲ್ಲಿ ಅವಳು ಇದನ್ನು ಹೇಳಿದಳು. ಅವನು ಭಾನುವಾರ ಮನೆಗೆ ಬರಲೇ, ಅಮ್ಮನನ್ನು ನೋಡಬೇಕು ಎಂದ. ಅವಳು ಹೂಂ ಎಂದಳು. ದಾರಿಯುದ್ದಕ್ಕೂ ಆ ಒಂದು ಹೂಂ ಅವಳ ಎದೆಯಲ್ಲಿ ಬೆಚ್ಚಗಿತ್ತು.

ಭಾನುವಾರ ಬೆಳಗ್ಗೆ ಮನೆ ಒರೆಸಿ, ಅಮ್ಮನ ತಲೆ ಬಾಚುತ್ತಿದ್ದಾಗ ಫೋನು ಸದ್ದು ಮಾಡಿತು. ಅವನದೇ ಸಂದೇಶ.

'ತುಂಬಾ ಪ್ರಯತ್ನ ಪಟ್ಟೆ. ಇನ್ನು ಬರಲ್ಲ. ಕ್ಷಮಿಸಿ.'

ಬಾಚಣಿಗೆ ಕೈಯಲ್ಲೇ ನಿಂತಿತು.

ಬರಲ್ಲ! ಬಿದ್ದ ಅಮ್ಮ, ಮೂಕ ಮನೆ... ಇಲ್ಲಿಗೆ ಯಾರು ತಾನೇ ಬರುತ್ತಾರೆ? ಮನಸ್ಸನ್ನು ಒಪ್ಪಿಸಲು ಪ್ರಯತ್ನ ಬೇರೆ ಪಟ್ಟನಂತೆ! ಮೊದಲಿನವನು ಕಾಫಿ ಅರ್ಧ ಬಿಟ್ಟು ಹೋದ. ಇವನು ಹೊಸಲನ್ನೂ ಮೆಟ್ಟಲಿಲ್ಲ.

'ಬರದಿದ್ದರೆ ಬೇಡ. ಬಲವಂತ ಏನಿಲ್ಲ' ಎಂದು ಬರೆದು ಕಳಿಸಿ ಫೋನನ್ನು ಮಗುಚಿಟ್ಟಳು. ಅವನಿಂದ ಮರುಮಾತು ಬರಲಿಲ್ಲ. ಅವಳು ಅಂಗಡಿಯತ್ತ ಮುಖ ಹಾಕಲಿಲ್ಲ. ಆ ಬೀದಿ ತಪ್ಪಿಸಲು ಸುತ್ತು ಹಾಕಿ ಮನೆಗೆ ಬರುತ್ತಿದ್ದಳು. ಅಮ್ಮನಿಗೆ ಉಣಿಸುವಳು, ಒರೆಸುವಳು, ಮಗ್ಗುಲು ಬದಲಿಸುವಳು. ತಾನೂ ಕೈಮಾತು ನಿಲ್ಲಿಸಿಬಿಟ್ಟಳು. ಉತ್ತರ ಬಾರದ ಕಡೆ ಎಷ್ಟು ದಿನ ಮಾತಾಡುವುದು? ಬದುಕು ಹೀಗೇ ಸವೆದುಹೋಗುತ್ತದೆ ಎಂದು ಅವಳಿಗೆ ಖಚಿತವಾಗಿತ್ತು.

ರಜೆಯ ದಿನವೊಂದರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅವನು. ಹಣೆಯ ಮೇಲೆ ಗಾಜಿಲ್ಲದೆ ಮುಖ ಬೇರೆಯೇ ಆಗಿ ಕಾಣುತ್ತಿತ್ತು. ಕೈಯಲ್ಲೊಂದು ಹೊಸ ಪೆನ್‌ಡ್ರೈವ್.

"ಬರಲ್ಲ ಅಂದಿದ್ರಲ್ಲ?" ಎಂದಳು ಬಾಗಿಲು ಬಿಡದೆ.

ಅವನು ಗಲಿಬಿಲಿಗೊಂಡ. "ಬರಲ್ಲ ಅಂದಿದ್ದು ಫೈಲು..."

"ಫೈಲಾ?"

"ಮತ್ತೆ? ಚಿಪ್ ಪೂರ್ತಿ ಕೈಕೊಟ್ಟಿತ್ತು. ಒಳಗಿರೋದು ಇನ್ನು ಬರಲ್ಲ ಅಂತ ಬರೆದೆ. ನೀವು ಬರದಿದ್ದರೆ ಬೇಡ ಅಂದ್ರಿ. ಸೋತೆ ಅಂತ ನನ್ನ ಮುಖಾನೇ ಬೇಡ ಅಂತಿದೀರ ಅಂದ್ಕೊಂಡೆ."

ಅಯ್ಯೋ, ನಮ್ಮ ಕನ್ನಡವೇ! ಅವನು 'ಅದು' ಅಂತಲೋ ಅವಳು 'ನೀವು' ಅಂತಲೋ ಒಂದು ಮಾತು ಸೇರಿಸಿದ್ದರೆ ಇಷ್ಟು ಕಣ್ಣೀರು ಉಳಿಯುತ್ತಿತ್ತು.

ಅವನು ತಲೆ ತಗ್ಗಿಸಿದ. ಚಿಪ್ ಅದಕ್ಕೂ ಮೊದಲೇ ಸುಮ್ಮನಾಗಿತ್ತಂತೆ. ನಾಳೆ ನೋಡೋಣ, ನಾಳೆ ನೋಡೋಣ ಎಂದು ತಾನೇ ಎಳೆದನಂತೆ.

"ಯಾಕೆ?"

"ಫೈಲು ಬರಲ್ಲ ಅಂದ್ರೆ ನೀವೂ ಬರಲ್ಲ ಅಂತ ಹೆದರಿಕೆ ಆಯ್ತು. ನೀವು ಬರೋ ಸಂಜೆಗೋಸ್ಕರ ನಾನು ಹಗಲೆಲ್ಲಾ ಕಾಯ್ತಿದ್ದೆ. ತಪ್ಪು ಮಾಡಿದೆ."

ಅವಳಿಗೆ ಸಿಟ್ಟು ಬಂತು. ಅದರ ಬೆನ್ನಿಗೇ ಅಳುವೂ ಬಂತು. ಅಮ್ಮನ ಕಥೆಗಳೆಲ್ಲ ಹೋದವು, ಉಳಿದದ್ದು ಈ ಪೆನ್‌ಡ್ರೈವಿನ ನಾಲ್ಕು ಚೂರು. ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಅಮ್ಮ ದಿಂಬಿಗೊರಗಿ ಕುಳಿತಿದ್ದಳು. ಅವನು ಮಂಚದ ಮುಂದೆ ಮಂಡಿಯೂರಿ, ಪರೀಕ್ಷೆಗೆ ನಿಂತ ಹುಡುಗನಂತೆ ಉಗುಳು ನುಂಗಿ, ಕೈ ಎತ್ತಿದ. ಬೆರಳು ಮಡಚಿದ, ಬಿಚ್ಚಿದ, ತುಟಿಯ ಬಳಿ ತಂದ.

ಅದು ಅಮ್ಮನ ಭಾಷೆ! ಆದರೆ ಅವನು ಎತ್ತಿದ್ದು ಎಡಗೈ. ಅಂಗಡಿಯಲ್ಲಿ ಬಲಗೈಯಲ್ಲಿ ಮೌಸ್ ಹಿಡಿದು, ಖಾಲಿ ಇದ್ದ ಎಡಗೈಯಲ್ಲೇ ತೆರೆ ನೋಡಿ ಕಲಿತವನು. ಅವನಿಗೆ ಆ ಭಾಷೆ ಎಡಗೈಗೆ ಮಾತ್ರ ಬರುತ್ತಿತ್ತು. ಅದು ತಪ್ಪೆಂದೂ ಗೊತ್ತಿರಲಿಲ್ಲ.

ಊಟ ಆಯಿತಾ ಎಂದು ಕೇಳಲು ಹೊರಟಿದ್ದ. ಹೆಬ್ಬೆರಳು ಎಲ್ಲೋ ಹೋಗಿ, 'ನಿನಗೆ ಮೀಸೆ ಬಂತಾ' ಎಂದಾಗಿತ್ತು.

ಅಮ್ಮ ಅವನ ಮುಖ ನೋಡಿದಳು. ಆ ಎಡಗೈಯನ್ನು ನೋಡಿದಳು. ಅವನು ಮತ್ತೆ ಅದೇ ಗಂಭೀರ ಮುಖದಿಂದ ಮೀಸೆಯನ್ನೇ ವಿಚಾರಿಸಿದ.

ಹೊದಿಕೆ ಅಲುಗಿತು. ಅಮ್ಮನ ಎಡಗೈ ಹೊರಗೆ ಬಂತು. ಮುಂದೆ ಬಂದು ಅವನ ಹೆಬ್ಬೆರಳನ್ನು ಹಿಡಿದು ಒಳಕ್ಕೆ ಮಡಚಿತು. ಆಮೇಲೆ ತಾನೇ ನಿಧಾನವಾಗಿ, ತೊದಲುತ್ತಾ, ಮಾಡಿ ತೋರಿಸಿತು. ಊಟ. ಆಯಿತಾ. ಹೀಗೆ.

ಮಗಳು ಗೋಡೆಗೊರಗಿ ಕುಳಿತಳು. ಅಮ್ಮ ಮಾತಾಡಿದ್ದಳು.

ಅಮ್ಮನ ಕಣ್ಣು ಅವಳ ಕಡೆ ತಿರುಗಿತು. ಎಡಗೈ ಮತ್ತೆ ಎದ್ದಿತು. ಒಂದು ಮಾತಿಗೆ ಮೂರು ಸಲ ತಡವರಿಸಿತು, ಆದರೆ ನಿಲ್ಲಿಸಲಿಲ್ಲ.

"ಏನಂದ್ರು?" ಎಂದು ಅವನು ಪಿಸುಗುಟ್ಟಿದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇವನು ಇರ್ತಾನಾ ಅಂತ ಕೇಳ್ತಿದ್ದಾಳೆ."

"ಊಟಕ್ಕಾ?"

"ಅಮ್ಮನ ಭಾಷೇಲಿ ಊಟಕ್ಕೆ ಇರೋದಕ್ಕೂ, ಜೊತೇಲಿ ಇರೋದಕ್ಕೂ ಒಂದೇ ಮಾತು."

ಅವನು ಅವಳನ್ನೇ ನೋಡಿದ. "ಇರ್ತೀನಿ ಅನ್ನೋದು ಹೇಗೆ? ಆ ಚೂರು ನನಗೆ ಸಿಗಲೇ ಇಲ್ಲ."

ಅವಳು ಎದ್ದು ಬಂದು ಅವನ ಪಕ್ಕ ಕುಳಿತಳು. ಅವನ ಎಡಗೈಯನ್ನು ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮಡಚಿ, ತನ್ನ ಅಂಗೈ ಮೇಲೆ ಕೂರಿಸಿದಳು.

"ಹೀಗಾ?"

"ಹೂಂ. ಹೀಗೇ."

"ಇಷ್ಟೇನಾ?"

"ಇಷ್ಟೇ," ಎಂದಳು. "ಆದ್ರೆ ಬೇಗ ಕೈ ತೆಗೆದ್ರೆ ಅರ್ಥ ಬದಲಾಗುತ್ತೆ."